ಹಳೆಯ ಟ್ರ್ಯಾಕ್ಟರಿಗೆ ಪೆಟ್ರೋಲೋ ಡೀಸೆಲ್ಲೋ: ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಅಮೆರಿಕದ ರೈತರು ತಮ್ಮ ಹಳೆಯ ಯಂತ್ರಗಳನ್ನು ತೋರಿಸುವ ವಿಡಿಯೊಗಳಲ್ಲಿ ‘ಗ್ಯಾಸ್ ಟ್ರ್ಯಾಕ್ಟರ್’ ಎಂಬ ಮಾತು ಪದೇ ಪದೇ ಬರುತ್ತದೆ. ಅದನ್ನು ಕೇಳಿದ ನಮ್ಮ ಮಂಡ್ಯ, ಮೈಸೂರು ಭಾಗದ ಕೆಲವು ಹುಡುಗರು ಅದು ಸಿಲಿಂಡರ್ ಗ್ಯಾಸಿನಿಂದ ಓಡುವ ಟ್ರ್ಯಾಕ್ಟರ್ ಎಂದು ತಿಳಿದು, ಹಟ್ಟಿಯ ಪಕ್ಕದಲ್ಲಿ ನಿಂತಿರುವ ತಮ್ಮ ಹಳೆಯ ಗಾಡಿಗೂ ಹಾಗೆ ಮಾಡಿಸಬಹುದೇ ಎಂದು ಕೇಳುತ್ತಾರೆ. ಅಲ್ಲಿಯವರ ಬಾಯಲ್ಲಿ ಗ್ಯಾಸ್ ಎಂದರೆ ಗ್ಯಾಸೊಲಿನ್, ಅಂದರೆ ನಮ್ಮ ಪೆಟ್ರೋಲು. ಆ ದೇಶದಲ್ಲಿ ಒಂದು ಕಾಲಕ್ಕೆ ಪೆಟ್ರೋಲು ಅಗ್ಗವಾಗಿದ್ದುದರಿಂದ ಪೆಟ್ರೋಲ್ ಟ್ರ್ಯಾಕ್ಟರುಗಳು ಲಕ್ಷಗಟ್ಟಲೆ ತಯಾರಾದವು. 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್ ಪೆಟ್ರೋಲ್ ಎಂಜಿನ್ನಿನ ಗಾಡಿಯೇ. ಇಂಗ್ಲೆಂಡಿನಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ-20 ಮೊದಲು ಪೆಟ್ರೋಲಿನಲ್ಲಿ, ಬಳಿಕ ಸೀಮೆಎಣ್ಣೆಯ ಜಾತಿಯ ಇಂಧನದಲ್ಲಿ ಓಡುವ ಎಂಜಿನ್ನಿನೊಂದಿಗೆ ಬಂದು, 1951ರಲ್ಲಷ್ಟೇ ಡೀಸೆಲ್ ಎಂಜಿನ್ ಪಡೆಯಿತು.

ನಮ್ಮಲ್ಲಿ ಕಥೆ ಬೇರೆ. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಕಂಪನಿಯ ಮೊದಲ ಟ್ರ್ಯಾಕ್ಟರ್ ಹೊರಬಂದಾಗಲೇ ಅದು ಡೀಸೆಲ್ ಗಾಡಿಯಾಗಿತ್ತು. ಆಮೇಲೆ ಬಂದ ಮಹೀಂದ್ರ ಬಿ-275, ಮ್ಯಾಸಿ 1035, ಎಚ್‌ಎಂಟಿ 2511, ಸ್ವರಾಜ್ 724 ಎಲ್ಲವೂ ಡೀಸೆಲ್ಲೇ. ಆದ್ದರಿಂದ ಈ ಭಾಗದಲ್ಲಿ ಪೆಟ್ರೋಲ್ ಟ್ರ್ಯಾಕ್ಟರ್ ಮಾರಾಟಕ್ಕೆ ಬಂದರೆ ಅದು ಹೊರದೇಶದಿಂದ ಬಂದು ಯಾವುದೋ ಎಸ್ಟೇಟಿನ ಅಥವಾ ದೊಡ್ಡ ಮನೆತನದ ಶೆಡ್ಡಿನಲ್ಲಿ ಉಳಿದುಕೊಂಡ ಗಾಡಿಯಾಗಿರುವ ಸಂಭವವೇ ಹೆಚ್ಚು. ಅಂಥ ಗಾಡಿ ನೋಡಲು ಮುದ್ದಾಗಿರುತ್ತದೆ, ಅದರ ಬೆಲೆಯೂ ಕೆಲವೊಮ್ಮೆ ಆಸೆ ಹುಟ್ಟಿಸುವಷ್ಟು ಕಡಿಮೆಯಿರುತ್ತದೆ. ಕೊಳ್ಳಬೇಕೇ ಬೇಡವೇ ಎಂಬುದು ಗಾಡಿಯ ಅಂದದಿಂದ ತೀರ್ಮಾನವಾಗಬಾರದು, ವರ್ಷಕ್ಕೆ ಎಷ್ಟು ಗಂಟೆ ಯಾವ ಕೆಲಸ ಮಾಡಿಸುತ್ತೀರಿ ಎಂಬುದರಿಂದ ತೀರ್ಮಾನವಾಗಬೇಕು.

ಮೊದಲು ಗಂಟೆಯ ಲೆಕ್ಕ

ಕೃಷಿ ಎಂಜಿನಿಯರಿಂಗಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಅಂದಾಜಿನ ಪ್ರಕಾರ, ವರ್ಷವಿಡೀ ಹಗುರ ಮತ್ತು ಭಾರದ ಕೆಲಸಗಳೆರಡನ್ನೂ ಮಾಡುವ ಡೀಸೆಲ್ ಟ್ರ್ಯಾಕ್ಟರ್, ಪಿಟಿಒದಲ್ಲಿ (ಹಿಂದೆ ಜೋಡಿಸಿದ ಉಪಕರಣಗಳನ್ನು ತಿರುಗಿಸುವ ದಂಡದಲ್ಲಿ) ಸಿಗುವ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸರಾಸರಿ 0.167 ಲೀಟರ್ ಕುಡಿದರೆ, ಪೆಟ್ರೋಲ್ ಟ್ರ್ಯಾಕ್ಟರ್ ಸುಮಾರು 0.227 ಲೀಟರ್ ಕುಡಿಯುತ್ತದೆ. 30 ಅಶ್ವಶಕ್ತಿಯ ಗಾಡಿಗೆ ಇದು ಗಂಟೆಗೆ 5 ಲೀಟರ್ ಡೀಸೆಲ್ ಅಥವಾ 6.8 ಲೀಟರ್ ಪೆಟ್ರೋಲ್ ಆಗುತ್ತದೆ. ಡೀಸೆಲ್ಲಿಗೆ 91 ರೂಪಾಯಿ, ಪೆಟ್ರೋಲಿಗೆ 103 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ ಗಂಟೆಗೆ ಒಂದಕ್ಕೆ 455 ರೂಪಾಯಿ, ಇನ್ನೊಂದಕ್ಕೆ ಸುಮಾರು 700 ರೂಪಾಯಿ ಬೀಳುತ್ತದೆ. ದರ ಬದಲಾದಂತೆ ಅಂಕಿಗಳನ್ನು ನೀವೇ ಬದಲಿಸಿಕೊಳ್ಳಿ. ಅಂತರ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ.

ಸ್ವಂತ ಹೊಲದ ಜೊತೆಗೆ ಅಕ್ಕಪಕ್ಕದವರಿಗೂ ಬಾಡಿಗೆಗೆ ಉತ್ತು ವರ್ಷಕ್ಕೆ 300 ಗಂಟೆ ಗಾಡಿ ಓಡಿಸುವವನಿಗೆ ಈ 245 ರೂಪಾಯಿಯ ವ್ಯತ್ಯಾಸವು ವರ್ಷದಲ್ಲಿ 73,500 ರೂಪಾಯಿಯಾಗಿ ಬೆಳೆಯುತ್ತದೆ. ಕೊಳ್ಳುವಾಗ ಉಳಿಸಿದ ಹಣ ಒಂದೆರಡು ಹಂಗಾಮಿನಲ್ಲೇ ಬಂಕಿನವನ ಪಾಲಾಗುತ್ತದೆ. ಅದೇ ತೋಟದೊಳಗೆ ತೆಂಗಿನಕಾಯಿ, ಗೊಬ್ಬರ ಸಾಗಿಸಲು ವರ್ಷಕ್ಕೆ 40 ಗಂಟೆ ಮಾತ್ರ ಬೇಕಾದವನಿಗೆ ವ್ಯತ್ಯಾಸ 9,800 ರೂಪಾಯಿ. ಒಂದು ಡೀಸೆಲ್ ಪಂಪು ಕೆಟ್ಟರೆ ಅದರ ರಿಪೇರಿಗೆ ಇದಕ್ಕಿಂತ ಹೆಚ್ಚು ಹೋಗಬಹುದಾದ್ದರಿಂದ ಅಂಥವನು ಪೆಟ್ರೋಲ್ ಗಾಡಿಯನ್ನು ಇಟ್ಟುಕೊಂಡರೆ ಅದನ್ನು ಹುಚ್ಚುತನವೆನ್ನಲಾಗದು.

ಈ ವ್ಯತ್ಯಾಸಕ್ಕೆ ಕಾರಣ ಎಂಜಿನ್ನಿನೊಳಗಿದೆ. ಹಳೆಯ ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಆರೇಳು ಪಟ್ಟಿನಷ್ಟು ಮಾತ್ರ ಒತ್ತಿ ಕಿಡಿಯಿಂದ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು 16ರಿಂದ 20 ಪಟ್ಟು ಒತ್ತಿ, ಆ ಒತ್ತಡದಿಂದಲೇ ಕಾದ ಗಾಳಿಗೆ ಡೀಸೆಲ್ಲನ್ನು ಸಿಂಪಡಿಸುತ್ತದೆ. ಒತ್ತಿದಷ್ಟೂ ಇಂಧನದ ಶಾಖ ಕೆಲಸವಾಗಿ ಮಾರ್ಪಡುವ ಪಾಲು ಹೆಚ್ಚು. ಜೊತೆಗೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇಕಡ 10ಕ್ಕೂ ಸ್ವಲ್ಪ ಹೆಚ್ಚು ಶಕ್ತಿ ಅಡಗಿದೆ. ಅಷ್ಟೊಂದು ಒತ್ತಡವನ್ನು ತಾಳಬೇಕಾದ್ದರಿಂದಲೇ ಡೀಸೆಲ್ ಎಂಜಿನ್ನಿನ ಬ್ಲಾಕು, ಕ್ರ್ಯಾಂಕು, ಬೇರಿಂಗುಗಳು ದಪ್ಪವಾಗಿರುತ್ತವೆ, ರಿಪೇರಿಯ ಬಿಲ್ಲೂ ಹಾಗೆಯೇ ದಪ್ಪವಾಗಿರುತ್ತದೆ.

ಕೆಸರುಗದ್ದೆಯ ಮಾತು

ಲೆಕ್ಕ ಬದಿಗಿರಲಿ, ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವವರು ಇನ್ನೊಂದು ವಿಷಯವನ್ನು ನೋಡಬೇಕು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರದಂಥ ಚಕ್ರ ಕಟ್ಟಿ ಗದ್ದೆ ಕಲಸುವಾಗ ಚಕ್ರ ಒಮ್ಮೆ ಸಡಿಲ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ, ಮರುಕ್ಷಣವೇ ಗಟ್ಟಿ ತಳಕ್ಕೆ ಕಚ್ಚಿಕೊಂಡು ಎಂಜಿನ್ನಿನ ಮೇಲೆ ಪೂರ್ತಿ ಹೊರೆ ಹಾಕುತ್ತದೆ. ಡೀಸೆಲ್ ಎಂಜಿನ್ ಇಂಥ ಹೊರೆ ಬಿದ್ದಾಗ ದನಿ ತಗ್ಗಿಸಿದರೂ ನಿಲ್ಲದೆ ಎಳೆದುಕೊಂಡು ಹೋಗುತ್ತದೆ, ಏಕೆಂದರೆ ಅದರ ಎಳೆಯುವ ಬಲ ಕಡಿಮೆ ವೇಗದಲ್ಲೂ ಚೆನ್ನಾಗಿ ಉಳಿದಿರುತ್ತದೆ ಮತ್ತು ವೇಗ ಇಳಿದ ಕೂಡಲೇ ವೇಗ ಕಾಯುವ ಗವರ್ನರ್ ಎಂಬ ಭಾಗ ಹೆಚ್ಚು ಡೀಸೆಲ್ ಕೊಡುತ್ತದೆ. ಪೆಟ್ರೋಲ್ ಗಾಡಿಗೂ ಗವರ್ನರ್ ಇದೆ, ಆದರೆ ಅದೇ ಅಳತೆಯ ಪೆಟ್ರೋಲ್ ಎಂಜಿನ್ ಕೆಸರಿನಲ್ಲಿ ಬೇಗ ದಣಿಯುತ್ತದೆ.

ನೀರಿನ ತೊಂದರೆ ಇದಕ್ಕಿಂತ ದೊಡ್ಡದು. ಪೆಟ್ರೋಲ್ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರ್, ಕಾಯಿಲ್, ಪ್ಲಗ್ ವೈರು ಎಂಬ, ಕಿಡಿ ಹೊತ್ತಿಸುವ ಸಂಸಾರವೇ ಇದೆ. ಕೇಜ್ ವೀಲ್ ಎರಚಿದ ಕೆಸರುನೀರು ಅದರೊಳಗೆ ಹೊಕ್ಕರೆ ಗದ್ದೆಯ ನಡುವೆಯೇ ಎಂಜಿನ್ ನಿಂತು, ಒಣಗುವ ತನಕ ಗಾಡಿ ಅಲ್ಲಿಂದ ಕದಲುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಓಡುವಾಗ ಕಿಡಿಯೇ ಬೇಡ. ಬ್ಯಾಟರಿ ಸತ್ತಿದ್ದರೂ ಹಳೆಯ ಡೀಸೆಲ್ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು, ಗೇರಿಗೆ ಹಾಕಿ ಎಬ್ಬಿಸಬಹುದು.

ಚಳಿಯಲ್ಲಿ ಡೀಸೆಲ್ ಎಂಜಿನ್ ಏಳುವುದಿಲ್ಲ ಎಂದು ಹೊರದೇಶದವರು ಬರೆಯುವುದನ್ನು ಓದಿ ಇಲ್ಲಿ ಯಾರೂ ಹೆದರಬೇಕಾಗಿಲ್ಲ. ನಮ್ಮ ಮಾಗಿಯ ಬೆಳಗಿನಲ್ಲೂ ಹದವಾಗಿರುವ ಡೀಸೆಲ್ ಎಂಜಿನ್ ಕೀಲಿ ತಿರುಗಿಸಿದ ಸ್ವಲ್ಪ ಹೊತ್ತಿನಲ್ಲೇ ಎದ್ದುಬಿಡುತ್ತದೆ. ಏಳದಿದ್ದರೆ ತಪ್ಪು ಚಳಿಯದಲ್ಲ.

ಪೆಟ್ರೋಲ್ ಗಾಡಿಯನ್ನೇ ಇಟ್ಟುಕೊಳ್ಳುವವರಿಗೆ

ಅಜ್ಜನ ಕಾಲದ ಗಾಡಿಯನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕೆನ್ನುವವರು ಎರಡು ವಿಷಯಗಳಿಗೆ ಸಿದ್ಧರಾಗಬೇಕು. ಮೊದಲನೆಯದು ಸೀಸ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸವು ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿನ ಮೇಲೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತಿತ್ತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗುತ್ತಿದೆ. ಮೆದು ಎರಕದ ಸೀಟುಗಳಿರುವ ಎಂಜಿನ್ನನ್ನು ಭಾರದ ಕೆಲಸಕ್ಕೆ ಹಚ್ಚಿದರೆ ವಾಲ್ವು ನಿಧಾನವಾಗಿ ಹೆಡ್ಡಿನೊಳಗೆ ಇಳಿಯುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಂದು) ಸರಿಮಾಡಿದ ಕೆಲವೇ ದಿನಗಳಲ್ಲಿ ಮತ್ತೆ ಕಡಿಮೆಯಾಗುತ್ತಿದ್ದರೆ ಅದೇ ಅದರ ಗುರುತು. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿಬಿಡುವುದೇ ಇದಕ್ಕೆ ಶಾಶ್ವತ ಪರಿಹಾರ.

ಎರಡನೆಯದು ಎಥನಾಲ್. ಶೇಕಡ 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲಿನ ಮುಖ್ಯ ಮೂಲಗಳಲ್ಲಿ ಕಬ್ಬೂ ಒಂದಾದ್ದರಿಂದ, ಮದ್ದೂರಿನ ರೈತ ಬೆಳೆದ ಕಬ್ಬು ಸುತ್ತಿಬಳಸಿ ಅವನದೇ ಹಳೆಯ ಗಾಡಿಯ ಕಾರ್ಬುರೇಟರನ್ನು ತಿನ್ನಲು ಬರುತ್ತದೆ ಎನ್ನಬಹುದು. ಎಥನಾಲ್ ಹಳೆಯ ರಬ್ಬರ್ ಪೈಪು, ಕಾರ್ಕು, ಪ್ಯಾಕಿಂಗುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಹೀಗಾಗಿ ಇಂಧನದ ದಾರಿಯಲ್ಲಿರುವ ರಬ್ಬರನ್ನೆಲ್ಲ ಎಥನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸಬೇಕು, ತಿಂಗಳುಗಟ್ಟಲೆ ಗಾಡಿಯನ್ನು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಬೇಕು. ಎಥನಾಲ್ ಉರಿಯಲು ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕಾದ್ದರಿಂದ ಎಂಜಿನ್ ಹೊರೆಯಲ್ಲಿ ಕಾಯತೊಡಗಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಾದ ಮೇನ್ ಜೆಟ್ಟನ್ನು ತುಸು ದೊಡ್ಡದು ಮಾಡಿಸಬೇಕಾಗಬಹುದು.

ಪೆಟ್ರೋಲಿನ ಆವಿ ಸಾಧಾರಣ ಬಿಸಿಲಿನಲ್ಲೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹುಲ್ಲುಮೆದೆ, ಕಬ್ಬಿನ ತರಗು, ಕಣ ಇರುವ ಕಡೆ ಸೋರುವ ಕಾರ್ಬುರೇಟರಿನ ಗಾಡಿಯನ್ನು ನಿಲ್ಲಿಸುವುದು ಬೇಡವೇ ಬೇಡ.

ಇನ್ನು ಸಿಲಿಂಡರ್ ಗ್ಯಾಸಿನ ಆಸೆಯ ಬಗ್ಗೆ. 2021ರ ಫೆಬ್ರವರಿ 12ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಡೀಸೆಲ್ಲಿನಿಂದ ಸಿಎನ್‌ಜಿಗೆ ಬದಲಿಸಿದ ಟ್ರ್ಯಾಕ್ಟರೊಂದನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿದ್ದು ನಿಜ. ಆದರೆ ಡೀಸೆಲ್ ಎಂಜಿನ್ನಿಗೆ ಗ್ಯಾಸ್ ಪೈಪು ಜೋಡಿಸಿದ ಮಾತ್ರಕ್ಕೆ ಅದು ಓಡುವುದಿಲ್ಲ; ಒತ್ತಡದ ಪ್ರಮಾಣ ಇಳಿಸಿ ಪ್ಲಗ್ಗು ಕೂರಿಸಬೇಕು, ಇಲ್ಲವೇ ಸ್ವಲ್ಪ ಡೀಸೆಲ್ಲಿನ ಜೊತೆಗೇ ಗ್ಯಾಸ್ ಉರಿಯುವಂತೆ ಮಾಡಬೇಕು. ಒಪ್ಪಿಗೆ ಪಡೆದ ಕಿಟ್ಟನ್ನೇ ಬಳಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿ ಇಂಧನ ಬದಲಾವಣೆ ನಮೂದಾಗಬೇಕು, ಸುಮಾರು 200 ಬಾರ್ ಒತ್ತಡದ ಸಿಲಿಂಡರನ್ನು ನಿಯಮದ ಪ್ರಕಾರ ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಇಪ್ಪತ್ತೈದು ವರ್ಷದ ಗಾಡಿಗೆ ಇಷ್ಟು ಹಣ ಸುರಿದು, ಗ್ಯಾಸ್ ತುಂಬಿಸಲು ಹಳ್ಳಿಯಿಂದ ಹೆದ್ದಾರಿಯವರೆಗೆ ಟ್ರ್ಯಾಕ್ಟರ್ ಓಡಿಸುವುದರಲ್ಲಿ ನನಗೆ ಯಾವ ಲಾಭವೂ ಕಾಣುವುದಿಲ್ಲ. ಅಡುಗೆ ಸಿಲಿಂಡರನ್ನು ಗಾಡಿಗೆ ಕಟ್ಟುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಡೀಸೆಲ್ ಎಂದು ತೀರ್ಮಾನಿಸಿದ ಮೇಲೆ

ಹಳೆಯ ಗಾಡಿಯ ವಿಷಯದಲ್ಲಿ ‘ಡೀಸೆಲ್ ಒಳ್ಳೆಯದು’ ಎಂಬ ಮಾತು ಅರ್ಧ ನಿಜ. ಒಳ್ಳೆಯ ಸ್ಥಿತಿಯ ಪೆಟ್ರೋಲ್ ಗಾಡಿಗಿಂತ ಸವೆದ ಡೀಸೆಲ್ ಗಾಡಿ ಮಾಲೀಕನನ್ನು ಹೆಚ್ಚು ಬೇಗ ಸಾಲಕ್ಕೆ ತಳ್ಳುತ್ತದೆ. ಆದ್ದರಿಂದ ನೋಡುವ ಕೆಲಸಕ್ಕೆ ಒಂದು ಇಡೀ ಬೆಳಗನ್ನು ಮೀಸಲಿಡಬೇಕು.

ಮೊದಲ ಷರತ್ತು, ಎಂಜಿನ್ ತಣ್ಣಗಿರಬೇಕು. ನಾನು ಮೊದಲ ಸಲ ಹಳೆಯ ಟ್ರ್ಯಾಕ್ಟರ್ ನೋಡಲು ಹೋದಾಗ ಗಾಡಿ ಹೊಂಗೆಮರದ ಕೆಳಗೆ ತೊಳೆದು ನಿಂತಿತ್ತು, ಒಂದೇ ತಿರುವಿಗೆ ಎದ್ದಿತು, ನಾನು ಮರುಳಾಗಿ ಮುಂಗಡ ಕೊಟ್ಟೆ. ಮನೆಗೆ ತಂದ ಮರುದಿನ ಬೆಳಿಗ್ಗೆ ಅದು ಅರ್ಧ ಗಂಟೆ ಸತಾಯಿಸಿ, ಬಿಳಿ ಹೊಗೆ ಕಾರಿ, ಆಮೇಲೆ ಎದ್ದಿತು. ಮಾರಿದವನು ನಾನು ಬರುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿಟ್ಟಿದ್ದ ಎಂಬುದು ಆಗ ಹೊಳೆಯಿತು. ಅಂದಿನಿಂದ ಗಾಡಿಯ ಹತ್ತಿರ ಹೋದ ಕೂಡಲೇ ಮೊದಲು ರೇಡಿಯೇಟರಿನ ಮೇಲೆ ಕೈ ಇಟ್ಟು ನೋಡುತ್ತೇನೆ. ಬೆಚ್ಚಗಿದ್ದರೆ ಟೀ ಕುಡಿದು ಬರುತ್ತೇನೆ ಎಂದು ಹೇಳಿ ಮಧ್ಯಾಹ್ನ ಹೋಗುತ್ತೇನೆ.

ಎಬ್ಬಿಸುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಡಿ. ಜೇನಿನ ಬಣ್ಣದ ಹೊಚ್ಚ ಹೊಸ ಆಯಿಲ್ ಕಂಡರೆ ಏಕೆ ಬದಲಿಸಿದರೆಂದು ಕೇಳಿ. ಹಾಲು ಬೆರೆತ ಕಾಫಿಯಂತಿದ್ದರೆ ಆಯಿಲಿಗೆ ನೀರು ಸೇರಿದೆ. ಮಟ್ಟ ಗುರುತಿಗಿಂತ ಮೇಲೆ ಬಂದು ಡೀಸೆಲ್ ವಾಸನೆ ಹೊಡೆದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪು ಅಥವಾ ಡೀಸೆಲ್ ಪಂಪಿನ ಸೀಲು ಒಡೆದು ಡೀಸೆಲ್ ಒಳಗಿಳಿಯುತ್ತಿದೆ. ಆ ತೆಳು ಆಯಿಲಿನಲ್ಲಿ ಓಡಿದ ಬೇರಿಂಗುಗಳ ಗತಿ ಏನಾಗಿರಬಹುದೆಂದು ಊಹಿಸಿಕೊಳ್ಳಿ.

ಎಂಜಿನ್ ಎದ್ದ ಮೇಲೆ ಹೊಗೆಯನ್ನು ನೋಡಬೇಕು. ಏಳುವಾಗ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸಿಂಪಡಿಸುವ ನಾಝಲ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ ದೋಷವಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗು ಮತ್ತು ಲೈನರ್ ಅಥವಾ ವಾಲ್ವ್ ಗೈಡು ಸವೆದಿದೆ. ಹೊರೆಯಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಶಕ್ತಿ ಹೆಚ್ಚಿಸುವ ದುರಾಸೆಯಿಂದ ಯಾರೋ ಪಂಪಿಗೆ ಕಂಪನಿ ಹಾಕಿದ ಮೊಹರು ಕಿತ್ತು ಡೀಸೆಲ್ ಹೆಚ್ಚು ಬಿಟ್ಟಿರಬಹುದು. ಕಬ್ಬಿನ ಲೋಡು ಎಳೆದ ಗಾಡಿಗಳಲ್ಲಿ ಈ ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು, ಅಂಥವುಗಳ ಕ್ಲಚ್ಚನ್ನೂ ಬ್ರೇಕನ್ನೂ ನಂಬಬಾರದು. ಬಳಿಕ ಎಂಜಿನ್ ನಿಧಾನಗತಿಯಲ್ಲಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ತೆಗೆಯಿರಿ. ತೆಳುವಾದ ಆವಿ ಕಂಡರೆ ಸರಿ, ಉಸಿರು ಬಿಟ್ಟಂತೆ ದಟ್ಟ ಹೊಗೆ ಬಡಿದು ಬಂದರೆ ಲೈನರ್ ಮತ್ತು ಪಿಸ್ಟನ್ ಸೆಟ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತಾಡಬೇಕು.

ಹಳೆಯ ಮ್ಯಾಸಿಯಂಥ ಗಾಡಿಗಳಲ್ಲಿರುವ ರೋಟರಿ ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಆಯಿಲಿನ ಕೆಲಸವನ್ನೂ ಮಾಡುತ್ತದೆ. ಸೀಮೆಎಣ್ಣೆ ಬೆರೆಸಿ ಓಡಿಸಿದ್ದರೆ ಅಥವಾ ಟ್ಯಾಂಕಿಗೆ ನೀರು ಸೇರಿದ್ದರೆ ಮೊದಲು ಸಾಯುವುದು ಆ ಪಂಪು. ಅದು ಸವೆದಿದ್ದರೆ ಎಂಜಿನ್ ತಣ್ಣಗಿರುವಾಗ ಚೆನ್ನಾಗಿ ಎದ್ದು, ಬಿಸಿಯಾಗಿ ನಿಂತ ಮೇಲೆ ಮತ್ತೆ ಏಳಲು ತಕರಾರು ಮಾಡುತ್ತದೆ. ಹಾಗಾಗಿ ಒಂದು ಗಂಟೆ ಕೆಲಸ ಮಾಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಎಬ್ಬಿಸುವುದನ್ನು ಮರೆಯಬಾರದು. ಆ ಒಂದು ಗಂಟೆಯಲ್ಲೇ ಇಂಧನದ ಪರೀಕ್ಷೆಯನ್ನೂ ಮಾಡಬಹುದು: ಸಮತಟ್ಟಾದ ಜಾಗದಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಕಲ್ಟಿವೇಟರ್ ಹಾಕಿ ಒಂದು ಗಂಟೆ ಉತ್ತು, ಅದೇ ಜಾಗಕ್ಕೆ ಬಂದು ಲೀಟರ್ ಅಳತೆಯಿಂದ ಮತ್ತೆ ಬಾಯಿಮಟ್ಟ ತುಂಬಿಸಿದರೆ ಕುಡಿದದ್ದು ಎಷ್ಟೆಂದು ತಿಳಿಯುತ್ತದೆ. ಒಪ್ಪದ ಮಾರಾಟಗಾರನ ಗಾಡಿಯನ್ನು ಬಿಟ್ಟುಬಿಡಿ.

ಬಾನೆಟ್ಟಿನ ಮೇಲೆ ಹೆಸರಿನ ಕೊನೆಗೆ ‘ಡಿಐ’ ಎಂದಿದ್ದರೆ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲಕ್ಕೆ ಸಿಂಪಡಿಕೆಯಾಗುತ್ತದೆ ಎಂದರ್ಥ. ಅಂಥ ಎಂಜಿನ್ ಸುಲಭವಾಗಿ ಏಳುತ್ತದೆ, ಕಡಿಮೆ ಕುಡಿಯುತ್ತದೆ. ಐಷರಿನಂತೆ ಗಾಳಿಯಿಂದ ತಣಿಯುವ ಎಂಜಿನ್ನಾದರೆ ನೀರಿನ ತಂಟೆ ಇಲ್ಲ, ಆದರೆ ಸಿಲಿಂಡರಿನ ಸುತ್ತಲ ಏಣುಗಳಲ್ಲಿ ಹೊಟ್ಟು, ಎಣ್ಣೆಜಿಡ್ಡು ಕಟ್ಟಿಕೊಂಡಿದ್ದರೆ ಅದು ಕಾದು ಕೆಟ್ಟಿರುವ ಸಾಧ್ಯತೆಯುಂಟು. ಎಚ್‌ಎಂಟಿ ಗಾಡಿ ಗಟ್ಟಿಮುಟ್ಟು ಎಂಬ ಹೆಸರು ಈಗಲೂ ಇದೆ, ಆದರೆ ಅದರ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿದ್ದರಿಂದ, ಬೇಕಾದ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ನಿಮ್ಮ ಮೆಕ್ಯಾನಿಕ್ಕನ್ನು ಕೇಳಿಯೇ ಮುಂದುವರಿಯಿರಿ. ನಿಮ್ಮ ಊರಿನಲ್ಲಿ ಯಾವ ಗಾಡಿ ಹೆಚ್ಚು ಓಡುತ್ತಿದೆಯೋ ಅದರ ಸಾಮಾನೂ ಅದನ್ನು ಬಲ್ಲ ಕೈಯೂ ಹತ್ತಿರದಲ್ಲೇ ಸಿಗುತ್ತವೆ.

ಕಾಗದಪತ್ರದಲ್ಲಿ ಚಾಸಿ ಮತ್ತು ಎಂಜಿನ್ ನಂಬರುಗಳು ಗಾಡಿಯ ಮೇಲಿನವುಗಳಿಗೆ ಹೊಂದಬೇಕು, ಏಕೆಂದರೆ ಎಂಜಿನ್ ಬದಲಿಸಿದ ಗಾಡಿಗಳು ಬಹಳ. ವರ್ಗಾವಣೆಗೆ ಫಾರಂ 29 ಮತ್ತು 30, ಹಿಂದಿನ ಸಾಲ ತೀರಿದ್ದರೆ ಫಾರಂ 35 ಬೇಕು. ನೋಂದಣಿಯ 15 ವರ್ಷ ಮುಗಿದಿದ್ದರೆ ನವೀಕರಣ ಯಾರ ಖರ್ಚಿನಲ್ಲಿ ಎಂಬುದನ್ನು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಒಂದೆರಡು ಎಕರೆಯವರಿಗೆ ಟ್ರ್ಯಾಕ್ಟರೇ ಬೇಕಿಲ್ಲ. ಕಳೆ ತೆಗೆಯುವ ವೀಡರ್, ಔಷಧಿ ಹೊಡೆಯುವ ಪಂಪು ಇವುಗಳಿಗೆ ಹಗುರವಾದ ಪೆಟ್ರೋಲ್ ಎಂಜಿನ್ನೇ ಸರಿ. ಗದ್ದೆ ಉಳಲು ಹಳೆಯ ಡೀಸೆಲ್ ಟಿಲ್ಲರ್ ಸಾಕು.

ಡೀಸೆಲ್ ಗಾಡಿ ಮನೆಗೆ ಬಂದ ವಾರದೊಳಗೆ ಟ್ಯಾಂಕನ್ನು ಬಿಚ್ಚಿ ತೊಳೆದು, ಡೀಸೆಲ್ ಫಿಲ್ಟರುಗಳನ್ನು, ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರನ್ನು ಬದಲಿಸಿ. ಹೀಗೆ ಬಿಚ್ಚಿದಾಗ ಲೈನಿನಲ್ಲಿ ಏರ್ ಹಿಡಿಯುತ್ತದೆ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವ ತನಕ ಕೈಪಂಪು ಒತ್ತಿ ಬಿಗಿಮಾಡಬೇಕು. ಬಳಿಕ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ ಮಾಡಿ, ಕೊನೆಗೆ ನಾಝಲ್ ಪೈಪುಗಳ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಮಾಡಬೇಕು. ಆಗ ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿಯಬೇಡಿ, ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೊದಲ 50 ಗಂಟೆ ಓಡಿಸಿದ ಮೇಲೆ ಫಿಲ್ಟರಿನ ತಳದ ನೀರನ್ನು ಬಿಟ್ಟು ನೋಡಿ; ಮತ್ತೆ ತುಕ್ಕಿನ ಪುಡಿ ಕಂಡರೆ ಟ್ಯಾಂಕನ್ನು ಇನ್ನೊಮ್ಮೆ ಇಳಿಸಬೇಕಾಗುತ್ತದೆ.